ಸಮುದ್ರದಾಚೆಯ ವರನ ವಿಚಾರಣೆ

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ವರನ ವಿಚಾರ ತೆಗೆಯುವುದು ದೊಡ್ಡ ಕೆಲಸ. ಅವನ ಊರಿಗೆ ಸುದ್ದಿ ಕೊಡದೆ ಹೋಗಬೇಕು, ಅವನ ಮನೆಗೆ ಮಾತ್ರ ಹೋಗಬಾರದು. ಕಿರಾಣಿ ಅಂಗಡಿಯಲ್ಲಿ ಅರ್ಧ ಕಿಲೊ ಬೆಲ್ಲ ಕೊಳ್ಳುವ ನೆಪ ಮಾಡಿ ಅಪ್ಪನ ಕುಡಿತ, ಅಜ್ಜನ ಕೋರ್ಟು ಕಚೇರಿ ಎಲ್ಲ ಕೆದಕಬೇಕು. ಹಿಟ್ಟಿನ ಗಿರಣಿಯಲ್ಲಿ ಸಿಗುವಷ್ಟು ಸುದ್ದಿ ಬೇರೆಲ್ಲೂ ಸಿಗುವುದಿಲ್ಲ, ಸರದಿ ಬರುವ ತನಕ ಅಲ್ಲಿ ಹೆಂಗಸರಿಗೆ ಬೇರೆ ಕೆಲಸವಿರುವುದಿಲ್ಲ. ನಮ್ಮ ಬಳಗದಲ್ಲಿ ಈ ಕೆಲಸ ನನ್ನ ಪಾಲಿಗೆ ಬಂದಿದೆ. ಇಂಡಿ ಊರಿನಲ್ಲಿ ಸಾಲಿ ಕಲಿಸುವ ಅಕ್ಕೋರಾಗಿ ನಿವೃತ್ತಳಾದವಳು ನಾನು. ಮಕ್ಕಳ ಸುಳ್ಳು ಹಿಡಿದು ಹಿಡಿದು, ಯಾರ ಮಾತನ್ನೂ ಒಂದೇ ಸಲಕ್ಕೆ ನಂಬುವ ಅಭ್ಯಾಸ ನನಗೆ ಹೋಗಿಬಿಟ್ಟಿದೆ.

ಹಾಗಿರುವಾಗ ಬಸವನ ಬಾಗೇವಾಡಿಯಿಂದ ನನ್ನ ತಂಗಿ ಫೋನ್ ಮಾಡಿ, ಮಗಳಿಗೆ ಒಂದು ಸ್ಥಳ ಬಂದಿದೆ, ಹುಡುಗ ಹೂವಿನ ಹಿಪ್ಪರಗಿಯವನು, ಕೆಲಸ ಮಾತ್ರ ಮೊಜಾಂಬಿಕಿನಲ್ಲಿ ಎಂದಳು. ಅಲ್ಲಿಯ ಗಿರಣಿಗೆ ನಾನು ಯಾವ ಬಸ್ಸು ಹಿಡಿದು ಹೋಗಲಿ ಎಂದು ಕೇಳಿದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಹುಡುಗನ ಕೆಲಸ ತೊಗರಿಯದು. ಅಲ್ಲಿಯ ಸಣ್ಣ ರೈತರು ಬೆಳೆದ ತೊಗರಿಯನ್ನು ಕೊಂಡು, ಸ್ವಚ್ಛ ಮಾಡಿಸಿ, ಚೀಲ ತುಂಬಿ ಹಡಗಿಗೆ ಏರಿಸುವ ಒಬ್ಬ ವ್ಯಾಪಾರಿಯ ಗೋದಾಮನ್ನು ಅವನು ನೋಡಿಕೊಳ್ಳುತ್ತಾನೆ. ತೊಗರಿಯ ನಾಡಿನವರಾದ ನಾವು ಈಗ ಅಂಗಡಿಯಲ್ಲಿ ಕೊಳ್ಳುವ ಬೇಳೆಯಲ್ಲಿ ಎಷ್ಟು ನಮ್ಮ ಹೊಲದ್ದು, ಎಷ್ಟು ಆಫ್ರಿಕಾದ್ದು ಎಂದು ಆ ಅಂಗಡಿಯವನಿಗೂ ಗೊತ್ತಿಲ್ಲ. ಬೇಯದಿದ್ದರೆ ಮಾತ್ರ ಎಲ್ಲರೂ ಆಫ್ರಿಕಾವನ್ನು ಬೈಯುತ್ತಾರೆ. ತಂಗಿಯ ಗಂಡ ಸ್ವತಃ ತೊಗರಿ ಬೆಳೆಯುವವನು. ಹಡಗು ಬಂತು ಎಂಬ ಸುದ್ದಿಗೇ ದರ ಬೀಳುತ್ತದೆ ಎಂದು ಶಾಪ ಹಾಕುತ್ತಿದ್ದವನಿಗೆ ಆ ಹಡಗು ತುಂಬುವವನೇ ಅಳಿಯನಾಗಿ ಬರುತ್ತಿದ್ದ. ನೀರಾವರಿಯ ಹೊಲವಿದೆ, ಮನೆಯಲ್ಲಿ ತಾಯಿ ಒಬ್ಬಳೇ ಎಂದು ತಿಳಿದ ಮೇಲೆ ಅವನ ಶಾಪ ಸ್ವಲ್ಪ ಮೆತ್ತಗಾಯಿತು.

ತಂಗಿಯ ಮಗಳು ಬಾಗೇವಾಡಿಯ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಹುಡುಗನೊಂದಿಗೆ ಫೋನಿನಲ್ಲಿ ಮಾತಾಡಿ, ಅವನು ತನಗೆ ಒಪ್ಪಿಗೆ ಎಂದು ಹೇಳಿದ್ದಳು. ನಮ್ಮ ಟಂಟಂ ಆಟೊದಂತೆಯೇ ಅಲ್ಲಿಯೂ ಸಣ್ಣ ವ್ಯಾನಿನಲ್ಲಿ ಜನರನ್ನು ತುರುಕುತ್ತಾರಂತೆ, ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಉಣ್ಣುತ್ತಾರಂತೆ, ಕರೆಂಟು ಹೋದರೆ ಅಲ್ಲಿಯವರೂ ಸರಕಾರವನ್ನು ಬೈಯುತ್ತಾರಂತೆ. ಇದನ್ನೆಲ್ಲ ಅವಳು ಖುಷಿಯಿಂದ ಹೇಳುವಾಗ ನಾನು ಅವಳ ಮುಖ ನೋಡುತ್ತಿದ್ದೆ. ಇಷ್ಟು ಸಿಹಿಯಾಗಿ ಮಾತಾಡುವವನು ಏನನ್ನು ಹೇಳದೆ ಬಿಟ್ಟಿದ್ದಾನೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ನನಗೆ ಯಾಕೆ ಇಷ್ಟು ಸಂಶಯ ಎಂದು ಹೇಳಿಬಿಡುತ್ತೇನೆ. ನನ್ನನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದರು. ಆಗಲೂ ವಿಚಾರ ತೆಗೆದಿದ್ದರು. ಅಂಗಡಿಯವನು, ಗಿರಣಿಯವನು, ಪಕ್ಕದ ಮನೆಯವರು ಎಲ್ಲರೂ ಒಂದೇ ಮಾತು ಹೇಳಿದ್ದರು: ಬಂಗಾರದಂಥ ಹುಡುಗ. ಆ ಬಂಗಾರಕ್ಕೆ ಸೊಲ್ಲಾಪುರದಲ್ಲಿ ಇನ್ನೊಂದು ಮನೆ ಇತ್ತು, ಆ ಮನೆಯಲ್ಲಿ ಒಂದು ಮಗುವೂ ಇತ್ತು. ಇಡೀ ಓಣಿಗೆ ಗೊತ್ತಿದ್ದ ಸಂಗತಿ ನನಗೆ ಮಾತ್ರ ಮದುವೆಯ ಮರುವರ್ಷ ಗೊತ್ತಾಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಗಾದೆ ಹೇಳಿ ಜನ ನಗುತ್ತಾರೆ. ಆ ಸಾವಿರದ ಲೆಕ್ಕ ಹೆಣ್ಣಿನ ಮೈಮೇಲೆ ಬೀಳುತ್ತದೆ. ನಾನು ಅಳುತ್ತ ತವರಿಗೆ ಬಂದೆ. ಅಪ್ಪ ಒಂದು ವಾರ ಉಣ್ಣಿಸಿ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಹೇಳಿ ತಾನೇ ಬಸ್ಸು ಹತ್ತಿಸಿದ. ಗಂಡ ಸಾಯುವ ತನಕ ಆ ಮನೆಯಲ್ಲಿದ್ದೆ. ಆಮೇಲೆ ಇಂಡಿಯ ಸಾಲಿಗೆ ವರ್ಗ ಮಾಡಿಸಿಕೊಂಡು, ನನ್ನ ಪಗಾರದಲ್ಲಿ ಅಲ್ಲಿ ಎರಡು ಖೋಲಿಯ ಮನೆ ಕಟ್ಟಿಸಿಕೊಂಡೆ. ಅಂದಿನಿಂದ ಯಾರಾದರೂ ಬಂಗಾರದಂಥ ಹುಡುಗ ಎಂದರೆ ನನ್ನ ಕಿವಿ ನೆಟ್ಟಗಾಗುತ್ತವೆ.

ಅಷ್ಟರಲ್ಲಿ ಟಿವಿಯಲ್ಲಿ ಆಫ್ರಿಕಾ ಬರತೊಡಗಿತು. ಮೊದಲೂ ಬರುತ್ತಿತ್ತೇನೋ, ನಾವು ನೋಡುತ್ತಿರಲಿಲ್ಲ. ಸುಡಾನಿನಲ್ಲಿ ಯುದ್ಧ, ಕೀನ್ಯಾದಲ್ಲಿ ತೆರಿಗೆಯ ವಿರುದ್ಧ ಬೀದಿಗಿಳಿದ ಹುಡುಗರು, ಪಶ್ಚಿಮದ ಯಾವುದೋ ದೇಶದಲ್ಲಿ ಗದ್ದುಗೆ ಏರಿದ ಸೈನ್ಯದವರು. ಎಲ್ಲಿ ಏನೇ ಆದರೂ ತಂಗಿ ನನಗೆ ಫೋನ್ ಮಾಡುತ್ತಿದ್ದಳು. ಆಫ್ರಿಕಾ ಒಂದು ದೇಶವಲ್ಲ, ಕೀನ್ಯಾದಲ್ಲಿ ಕಲ್ಲು ಹಾರಿದರೆ ಮೊಜಾಂಬಿಕಿನಲ್ಲಿ ಗಾಜು ಒಡೆಯುವುದಿಲ್ಲ ಎಂದು ನಾನು ಐದನೆಯ ಇಯತ್ತೆಯ ಮಕ್ಕಳಿಗೆ ಹೇಳಿದಂತೆ ಹೇಳುತ್ತಿದ್ದೆ. ಕಡೆಗೆ ಮೊಜಾಂಬಿಕಿನಲ್ಲಿಯೇ ಚುನಾವಣೆಯ ಮೇಲೆ ಗಲಾಟೆ ಶುರುವಾಯಿತು. ರಸ್ತೆಯಲ್ಲಿ ಟೈರು ಸುಟ್ಟರು, ಅಂಗಡಿ ಮುಚ್ಚಿದವು, ಹುಡುಗನ ಫೋನು ಕೆಲವು ದಿನ ಹತ್ತಲಿಲ್ಲ. ಆಮೇಲೆ ಅವನು ನೆಟ್ ಇರಲಿಲ್ಲ ಎಂದ. ಪತ್ರಿಕೆಯೂ ಹಾಗೆಯೇ ಬರೆದಿತ್ತು. ಆದರೆ ಸುಳ್ಳು ಹೇಳುವವನಿಗೆ ದೇಶದ ಗಲಾಟೆಯಷ್ಟು ಅನುಕೂಲವಾದದ್ದು ಬೇರೆ ಯಾವುದೂ ಇಲ್ಲ ಎಂದು ನನಗೆ ಅನಿಸಿತು.

ಗಲಾಟೆ ತಣ್ಣಗಾದ ಮೇಲೆ ಮನೆ ನೋಡಲು ಹೂವಿನ ಹಿಪ್ಪರಗಿಗೆ ಹೋದೆವು. ಹುಡುಗನ ತಾಯಿ ನನ್ನ ವಯಸ್ಸಿನ ವಿಧವೆ, ಕೈ ಬಹಳ ಚೊಕ್ಕ. ಹಳೆಯ ಬಟ್ಟೆಗಳನ್ನು ಜೋಡಿಸಿ ತಾನು ಹೊಲಿದ ಕೌದಿಗಳನ್ನು ಟ್ರಂಕಿನಿಂದ ತೆಗೆದು ಹಾಸಿ ತೋರಿಸಿದಳು. ಒಂದಕ್ಕೆ ಜೋಡಿ ಇತ್ತಂತೆ. ನಡುವೆ ಗಂಡನ ಧೋತರದ ಬಿಳಿ ಚೌಕ, ಸುತ್ತ ಅವಳ ಮದುವೆಯ ಇಳಕಲ್ ಸೀರೆಯ ಕೆಂಪು ಸೆರಗು, ನಾಲ್ಕೂ ಮೂಲೆಗೆ ಮಗನ ಸಾಲಿಯ ನೀಲಿ ಅಂಗಿಯ ತುಂಡು. ಒಂದನ್ನು ಮದುವೆ ಮಾಡಿ ಕೊಟ್ಟ ಮಗಳಿಗೆಂದು ಇಟ್ಟಿದ್ದಳು, ಇನ್ನೊಂದು ಮಗನ ಜೊತೆ ಸಮುದ್ರ ದಾಟಿತ್ತು. ಅಲ್ಲಿ ಅದನ್ನೇ ಹೊದ್ದು ಮಲಗುತ್ತಾನೆ, ಪ್ರತಿ ವಾರ ಕೇಳುತ್ತೇನೆ, ಹೊಚ್ಚಿಕೊಂಡೇನವಾ ಅನ್ನುತ್ತಾನೆ ಎಂದು ಹೇಳಿ ಆ ತಾಯಿ ಕೌದಿಯ ಮೇಲೆ ಕೈಯಾಡಿಸಿದಳು. ನನಗೂ ಅವಳು ಹಿಡಿಸಿದಳು.

ಆದರೂ ನನ್ನ ಕೆಲಸ ಬಿಡಲಿಲ್ಲ. ಅದೇ ಗೋದಾಮಿನಲ್ಲಿ ಕೆಲಸ ಮಾಡಿ ತಿರುಗಿ ಬಂದ ಒಬ್ಬನು ಸಿಂದಗಿಯಲ್ಲಿ ಕೀಟನಾಶಕದ ಅಂಗಡಿ ಇಟ್ಟಿದ್ದಾನೆಂದು ಪತ್ತೆ ಹಚ್ಚಿ, ಒಂದು ಬೆಳಿಗ್ಗೆ ಬಸ್ಸು ಹಿಡಿದೆ. ಅವನು ಸ್ಟೂಲು ಹಾಕಿ ಕೂಡಿಸಿ ಚಹಾ ತರಿಸಿದ. ಹುಡುಗನ ಹೆಸರು ಹೇಳಿದ ಕೂಡಲೇ ಅವನ ಬಾಯಿಂದ ಬಂದ ಮಾತು, “ಬಂಗಾರದಂಥ ಹುಡುಗ ಬಿಡ್ರಿ ಅಕ್ಕೋರ.” ನಾನು ಚಹಾದ ಕಪ್ಪು ಕೆಳಗಿಟ್ಟೆ.

ಗೋದಾಮು ಹೇಗಿದೆ ನೋಡಬೇಕು ಎಂದೆ. ಅವನು ಹೆಮ್ಮೆಯಿಂದ ಫೋನು ತೆಗೆದು, ಅಲ್ಲಿಯ ಗೆಳೆಯರು ಈಚೆಗೆ ಕಳಿಸಿದ ವಿಡಿಯೋ ಹಚ್ಚಿದ. ತೊಗರಿಯ ದೊಡ್ಡ ರಾಶಿ. ಸಾಲಾಗಿ ಕೂತು ಕೇರುತ್ತಿರುವ ಹೆಂಗಸರು. ಕೈ ಬೀಸುವ ರೀತಿ ನಮ್ಮವರದ್ದೇ, ಮೊರದ ಆಕಾರ ಮಾತ್ರ ಬೇರೆ. ಅವರಲ್ಲಿ ಒಬ್ಬಳು ಎದ್ದು ಈ ಕಡೆ ಬೆನ್ನು ಮಾಡಿದಳು. ಬೆನ್ನಿಗೆ ಕೂಸು ಕಟ್ಟಿಕೊಂಡಿದ್ದಳು. ಕೂಸಿನ ಮೇಲೆ ಬಿಳಿ ಚೌಕ, ಕೆಂಪು ಸೆರಗು, ಮೂಲೆಗೆ ನೀಲಿ. ಇನ್ನೊಮ್ಮೆ ಹಚ್ಚು ಎಂದೆ. ಮತ್ತೊಮ್ಮೆ ನೋಡಿದೆ. ಆ ಕೂಸು ಯಾರದು ಎಂದು ಕೇಳಿದರೆ ಅವನು ಫೋನು ಕಿಸೆಗೆ ಹಾಕುತ್ತ ಗೊತ್ತಿಲ್ಲ ಎಂದ. ಬಹಳ ಬೇಗ ಎಂದ.

ಕೌದಿ ಎಂದರೇನು ಎಂದು ನಮ್ಮವರಿಗೆ ಹೇಳಬೇಕಾಗಿಲ್ಲ. ತಾಯಿ ಹೊಲಿದ ಕೌದಿ ಮಗಳ ಬಾಣಂತನಕ್ಕೆ ಹೋಗುತ್ತದೆ, ಮೊಮ್ಮಗನ ತೊಟ್ಟಿಲಿಗೆ ಹೋಗುತ್ತದೆ. ಸತ್ತ ಗಂಡನ ಧೋತರವಿರುವ ಕೌದಿಯನ್ನು ಯಾರೂ ಬೀದಿಯವರಿಗೆ ಕೊಡುವುದಿಲ್ಲ. ಅದು ಒಂದು ಕೂಸಿನ ಮೇಲಿದೆ ಎಂದರೆ ಆ ಕೂಸು ಆ ಮನೆಯದು. ಸಿಂದಗಿಯಿಂದ ನೆಟ್ಟಗೆ ಬಾಗೇವಾಡಿಯ ಬಸ್ಸು ಹತ್ತಿದೆ. ನನ್ನ ಬಾಳಿನಲ್ಲಿ ಆದದ್ದೇ ಈ ಹುಡುಗಿಗೂ ಆಗಲಿದೆ ಎಂಬ ಸಿಟ್ಟು, ಈ ಸಲ ನಾನು ಮೊದಲೇ ಹಿಡಿದೆ ಎಂಬ ಒಂದು ಕೆಟ್ಟ ಸಂತೋಷ, ಎರಡೂ ಇದ್ದವು.

ತಂಗಿಗೆ ಹೇಳಿದೆ. ಹೊರಗೆ ಯಾರಿಗೂ ಕೇಳಬಾರದೆಂದು ಅವಳು ಮೊದಲು ಬಾಗಿಲು ಮುಂದೆ ಮಾಡಿದಳು. ನಿಶ್ಚಯಕ್ಕೆ ಬಳಗವನ್ನೆಲ್ಲ ಕರೆದಾಗಿದೆ, ಈಗ ಮುರಿದರೆ ಹುಡುಗಿಗೆ ಕೆಟ್ಟ ಹೆಸರು ಬರುತ್ತದೆ, ಒಂದು ಕೌದಿ ನೋಡಿ ಯಾರಾದರೂ ಸಂಬಂಧ ಬಿಡುತ್ತಾರೆಯೇ ಎಂದಳು. ಮಗಳಿಗೆ ಮಾತ್ರ ಹೇಳಬೇಡ ಎಂದು ಕೈ ಹಿಡಿದಳು. ನಾನು ಅದೇ ಸಂಜೆ ಮಗಳಿಗೆ ಹೇಳಿದೆ. ಅವಳು ಅಳಲಿಲ್ಲ. ನಾಳೆ ಹಿಪ್ಪರಗಿಗೆ ಹೋಗೋಣ, ಅವನ ತಾಯಿಯ ಎದುರಿಗೇ ಕೇಳು ಎಂದಳು.

ಮರುದಿನ ಮಧ್ಯಾಹ್ನ ಹಿಪ್ಪರಗಿಯ ಪಡಸಾಲೆಯಲ್ಲಿ ನಾವು ನಾಲ್ವರು ಹೆಂಗಸರು ಒಂದು ಫೋನಿನ ಮುಂದೆ ಕೂತೆವು. ಹುಡುಗ ಗೋದಾಮಿನ ಮೆಟ್ಟಿಲ ಮೇಲೆ ಕೂತಿದ್ದ, ಹಿಂದೆ ಚೀಲಗಳು. ನಾನು ಸುತ್ತಿ ಬಳಸಲಿಲ್ಲ. ನಿನ್ನ ಕೌದಿ ಯಾರ ಕೂಸಿನ ಮೈಮೇಲೆ ಇದೆ ಎಂದು ಕೇಳಿದೆ. ಅವನು ನನ್ನನ್ನು ನೋಡಲಿಲ್ಲ, ತಾಯಿಯನ್ನು ನೋಡಿದ.

“ಅದು ಖರೆ ಐತ್ರಿ ದೊಡ್ಡವ್ವಾರ,” ಎಂದ. “ಅದು ನಮ್ಮವ್ವನ ಕೌದಿನ.”

ಆಮೇಲೆ ನಿಧಾನಕ್ಕೆ ಹೇಳಿದ. ಅಲ್ಲಿಗೆ ಒಮ್ಮೆ ಚಂಡಮಾರುತ ಬಂದಾಗ ಊರಿನ ತಗಡಿನ ಮನೆಗಳು ಹಾರಿ ಹೋದವಂತೆ. ಹಮಾಲರ ಸಂಸಾರಗಳು ಗೋದಾಮಿಗೆ ಬಂದು ಸೇರಿದವಂತೆ. ಒಬ್ಬನ ಹೆಂಡತಿ ಹಸಿ ಬಾಣಂತಿ. ಬಟ್ಟೆಯೆಲ್ಲ ನೆನೆದಿದ್ದವು, ಅಟ್ಟದ ಮೇಲಿದ್ದ ಇವನ ಟ್ರಂಕೊಂದೇ ನೆನೆಯದೆ ಉಳಿದಿತ್ತು. ಕೂಸಿಗೆ ಕೌದಿ ಹೊಚ್ಚಿದ. ಮಳೆ ನಿಂತ ಮೇಲೆ ಆ ಹೆಂಗಸು ಒಗೆದು ಮಡಚಿ ತಂದು ಕೊಟ್ಟಳು, ಹಸಿ ಕೂಸಿಗೆ ಹೊಚ್ಚಿದ್ದನ್ನು ಹೇಗೆ ತಿರುಗಿ ತೆಗೆದುಕೊಳ್ಳಲಿ ಎಂದು ಇವನು ಬೇಡವೆಂದ. ಅವ್ವನಿಗೆ ನೋವಾಗುತ್ತದೆ ಅಂತ ಸುಳ್ಳು ಹೇಳುತ್ತ ಬಂದೆ ಎಂದ.

ತಾಯಿ ಸೆರಗಿನಿಂದ ಮೂಗು ಒರೆಸಿಕೊಂಡು, “ಗಂಡೋ ಹೆಣ್ಣೋ?” ಎಂದು ಕೇಳಿದಳು. ಹೆಣ್ಣು ಎಂದ. ಇರಲಿ ಬಿಡು ಎಂದು ಎದ್ದು ಒಳಗೆ ಹೋದಳು. ನನ್ನ ತಂಗಿ ಗೆದ್ದವಳಂತೆ ನನ್ನ ಕಡೆ ನೋಡಿದಳು.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಕಥೆ ಚೆನ್ನಾಗಿತ್ತು, ಚೆನ್ನಾಗಿದ್ದುದೇ ನನಗೆ ತೊಡಕು. ಚಂಡಮಾರುತ ಬಂದದ್ದು ನಿಜ, ಟಿವಿಯಲ್ಲಿ ನಾನೇ ನೋಡಿದ್ದೆ. ಆದರೆ ತಾಯಿಗೆ ವಾರವಾರ ಅಷ್ಟು ಸಲೀಸಾಗಿ ಸುಳ್ಳು ಹೇಳುವವನು ಹೆಂಡತಿಗೆ ಹೇಳಲಾರನೇ? ನನ್ನ ಗಂಡನೂ ಯಾರಿಗೂ ನೋವಾಗಬಾರದು ಎಂದೇ ಸುಳ್ಳು ಹೇಳುತ್ತಿದ್ದ. ಬಾಗೇವಾಡಿಗೆ ತಿರುಗಿ ಬರುವ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತಿದ್ದೆವು, ಹುಡುಗಿ ನಡುವೆ. ಇದನ್ನೆಲ್ಲ ಅವಳಿಗೆ ಹೇಳಿದೆ. ಆ ಹಮಾಲನ ಜೊತೆ ನಾನೇ ಮಾತಾಡಬೇಕು, ಕೂಸಿನ ತಾಯಿಯನ್ನು ಕೇಳಬೇಕು, ಅಲ್ಲಿಯ ಭಾಷೆ ಬಲ್ಲವರು ಯಾರಾದರೂ ಸಿಕ್ಕಾರು ಎಂದೆ.

ಅವಳು ಕೇಳಿಸಿಕೊಂಡು ಮುಗಿದ ಮೇಲೆ ಹೇಳಿದಳು: “ನೀ ಇನ್ನ ಎಷ್ಟ ವಿಚಾರ ತಗದ್ರೂ ಪೂರಾ ಗೊತ್ತಾಗಂಗಿಲ್ಲ ದೊಡ್ಡವ್ವ. ನನಗ ಅವನ ಮಾತು ಖರೆ ಅನಸ್ತೈತಿ. ನಾಳಿ ಸುಳ್ಳ ಆತಂದ್ರ ನನಗ ತಿರುಗಿ ಬರಾಕ ಮನಿ ಐತೇನು? ನಿನಗ ಇರಲಿಲ್ಲ. ಅದನ್ನ ಹೇಳ್ರಿ ಮೊದಲ, ಇಬ್ಬರೂ.”

ನನ್ನ ತಂಗಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊರಗೆ ನೋಡುವಂಥದ್ದೇನೂ ಇರಲಿಲ್ಲ, ಕೊಯ್ದು ಬಿಟ್ಟ ಹೊಲಗಳು. ಅವಳು ಕೆಟ್ಟವಳಲ್ಲ. ಆದರೆ ಬಾಯಿಗೆ ಬರಬೇಕಾದ ಮಾತು ಬರಲಿಲ್ಲ, ಊರು ಬರುವ ತನಕವೂ ಬರಲಿಲ್ಲ. ಒಬ್ಬ ಹುಡುಗನ ವಿಚಾರಕ್ಕಾಗಿ ಊರೂರು ತಿರುಗಿದ ನಾನು ನಮ್ಮ ಮನೆಯ ವಿಚಾರ ತೆಗೆದಿರಲೇ ಇಲ್ಲ. ನಮ್ಮ ಅಪ್ಪ ಸತ್ತು ಎಷ್ಟೋ ವರ್ಷವಾಗಿದೆ, ಅವನ ಮಾತು ಇನ್ನೂ ಆ ಸೀಟಿನಲ್ಲಿ ಕೂತಿತ್ತು. ನನಗೆ ಅವತ್ತು ಆದಷ್ಟು ದುಃಖ ಗಂಡ ಸತ್ತಾಗಲೂ ಆಗಿರಲಿಲ್ಲ.

“ಇಂಡ್ಯಾಗ ನನ್ನ ಮನಿ ಐತಿ,” ಎಂದೆ.

ಮದುವೆಯಾಗಿ ಅವಳು ಹೋಗಿ ಈಗ ಒಂದು ಮಳೆಗಾಲ ಕಳೆದಿದೆ. ಅಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಹುಡುಕುತ್ತಿದ್ದಾಳೆ, ಭಾಷೆ ಕಲಿಯುತ್ತಿದ್ದಾಳೆ. ಆ ಕೂಸನ್ನು ಎತ್ತಿಕೊಂಡು ಫೋಟೋ ಕಳಿಸಿದ್ದಳು, ಮೂಗು ಯಾರ ಹಾಗಿದೆ ಎಂದು ದೊಡ್ಡದು ಮಾಡಿ ನೋಡಿದೆ. ಈಗಲೂ ಅವನನ್ನು ಪೂರ್ತಿ ನಂಬಿದ್ದೇನೆಂದು ಹೇಳಲಾರೆ. ಅವಳು ಹೊರಡುವ ದಿನ ನನ್ನ ಮನೆಯ ಇನ್ನೊಂದು ಕೀಲಿಯನ್ನು ಅವಳ ಪಾಸ್‌ಪೋರ್ಟಿನ ಚೀಲದಲ್ಲಿ ಹಾಕಿದೆ. ಯಾವ ಮನೆಯದು ಎಂದು ಅವಳ ಗಂಡ ಕೇಳಿದ, ಹೇಳಿದೆ. ಅವನಿಗೆ ಗೊತ್ತಿರಲಿ ಎಂದೇ ಅವನ ಎದುರಿಗೆ ಹಾಕಿದ್ದೆ.