ನಾನು ಓದದೆ ಬಿಟ್ಟ ಇಸವಿ

ಶಕುನ, ಪವಾಡ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವಳು ನಾನು. ಉಮ್ಮತ್ತೂರಿನ ನಮ್ಮ ಬೀದಿಯಲ್ಲಿ ಹೈಸ್ಕೂಲು ಮುಗಿಸಿದ ಮೊದಲ ಹುಡುಗಿ ಎಂಬ ಜಂಬ ಬೇರೆ. ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ಕೇಳುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಐವತ್ತರ ದಶಕದ ಮಾತು. ಚಾಮರಾಜನಗರದಲ್ಲಿ ವಯಸ್ಸಾದ ಮೇಷ್ಟ್ರೊಬ್ಬರು ತಮ್ಮ ತಂದೆಯ ಕಾಲದಿಂದ ಕೂಡಿಸಿದ್ದ ಹಳೆಯ ವಸ್ತುಗಳನ್ನು ಒಂದು ಹಜಾರದಲ್ಲಿ ಜೋಡಿಸಿಟ್ಟಿದ್ದರು. ಬಾಗಿಲಲ್ಲಿ ಮ್ಯೂಸಿಯಂ ಎಂಬ ಬೋರ್ಡು. ಜನರ ಬಾಯಲ್ಲಿ ಅದು ಹಳೇ ಸಾಮಾನಿನ ಮನೆ. ನನ್ನ ಕಾಟ ತಾಳಲಾರದೆ ಅಪ್ಪ ಒಂದು ಭಾನುವಾರ ಬುತ್ತಿ ಕಟ್ಟಿಸಿ, ಅಮ್ಮ, ಅಜ್ಜಿ ಮತ್ತು ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದರು.

ಅಜ್ಜಿಯ ವಿಷಯ ಹೇಳಬೇಕು. ಎತ್ತು ಮಾರಲು ಗುಂಡ್ಲುಪೇಟೆ ದಾಟಿ ವೈನಾಡಿನ ಕಡೆ ಹೋದ ತಾತ ಹಿಂದಿರುಗಲೇ ಇಲ್ಲ. ಆಗ ಅಪ್ಪನಿಗೆ ಹತ್ತು ವರ್ಷ. ಇದ್ದಾರೋ ಇಲ್ಲವೋ ತಿಳಿಯದೆ ಅಜ್ಜಿ ಮೂವತ್ತು ವರ್ಷ ಕಾದಿದ್ದರು. ಕ್ರಿಯೆ ಮಾಡಿಬಿಡೋಣ ಎಂದವರ ಮೇಲೆ ಉರಿದು ಬೀಳುತ್ತಿದ್ದರು.

ಹಜಾರದಲ್ಲಿ ಕತ್ತಿ, ತಾಮ್ರದ ಕೊಳಗ, ಓಲೆಗರಿ ನೋಡುತ್ತ ನಾನು ಮುಂದೆ ಹೋಗಿದ್ದೆ. ಹಿಂದೆ ತಿರುಗಿದರೆ ಅಜ್ಜಿ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತುಬಿಟ್ಟಿದ್ದಾರೆ. ಒಳಗಿದ್ದದ್ದು ಬೆಳ್ಳಿಯ ಕರಡಿಗೆ, ನಮ್ಮವರು ಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುವಂಥದು.

“ಇದು ನಿಮ್ ತಾತಂದು ಕಣಮ್ಮಿ” ಎಂದರು.

“ಎಲ್ಲಾ ಕರಡಿಗೆನೂ ಒಂದೇ ತರ ಇರ್ತವೆ, ಬುಡವ್ವ” ಎಂದರು ಅಪ್ಪ.

“ಒಳಗೆ ನನ್ ಧಾರೆ ಸೀರೆ ಸೆರಗಿನ ಚೂರದೆ. ಬಿಳೀ ದಾರ ಮುಗ್ದೋಗಿ ಒಂದ್ ಮೂಲೆಗೆ ಅಸ್ರು ದಾರ ಆಕಿ ಒಲ್ದಿವ್ನಿ. ತಗ್ಸಿ ನೋಡು.”

ಮೇಷ್ಟ್ರು ಬೇಸರಿಸದೆ ಬೀಗ ತೆಗೆದರು. ಒಳಗೆ ಮಾಸಿದ ಬಟ್ಟೆಯ ಚೂರು, ಮೂರು ಅಂಚಿಗೆ ಬಿಳಿ ಹೊಲಿಗೆ, ಮೂಲೆಯಲ್ಲಿ ಹಸಿರು. ಅಪ್ಪ ಬಗ್ಗಿ ಇನ್ನೊಮ್ಮೆ ನೋಡಿದರು.

ಇದು ಎಲ್ಲಿ ಸಿಕ್ಕಿತೆಂದು ಕೇಳಿದೆ. ಮೇಷ್ಟ್ರು ತಂದೆಯ ಕೈಬರಹದ ಪುಸ್ತಕ ತಂದು ಪುಟ ತೆರೆದು ನನ್ನ ಮುಂದಿಟ್ಟರು. ಮೊದಲು ಕಂಡದ್ದು ಇಸವಿ. ಲೆಕ್ಕ ಹಾಕಿದರೆ ಆ ವರ್ಷ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ದ ಕೂಸು. ತಪ್ಪಿರಬಹುದೆಂದು ಹಿಂದಿನ, ಮುಂದಿನ ಪುಟಗಳನ್ನು ನೋಡಿದೆ. ಎಲ್ಲವೂ ಸಾಲಾಗಿ ಸರಿಯಾಗಿದ್ದವು.

“ಏನ್ ಬರ್ದವ್ರೆ, ಓದಮ್ಮಿ” ಎಂದರು ಅಜ್ಜಿ. ಅವರಿಗೆ ಅಕ್ಷರ ಬಾರದು.

ನಾನು ಇಸವಿ ಬಿಟ್ಟು ಓದಿದೆ: “ಗುಂಡ್ಲುಪೇಟೆ ರಸ್ತೆಯ ಹಾಳು ಮಂಟಪದ ಹಿಂದೆ ಮಣ್ಣು ತೆಗೆಯುವಾಗ ಸಿಕ್ಕಿದ್ದು. ಬಟ್ಟೆಯ ಚೂರು, ಮೂಲೆಗೆ ಹಸಿರು ದಾರ. ಲಿಂಗವಿಲ್ಲ.”

“ಲಿಂಗ ಇಲ್ವಾ?”

“ಇಲ್ಲ ಅಜ್ಜಿ.”

ನಮ್ಮಲ್ಲಿ ಬದುಕಿರುವ ತನಕ ಲಿಂಗ ಮೈಬಿಡುವಂತಿಲ್ಲ. ಸತ್ತಾಗ ಅದನ್ನು ಕರಡಿಗೆಯಿಂದ ತೆಗೆದು ಎಡಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ.

“ಅಂಗಾದ್ರೆ ಯಾರೋ ಪುಣ್ಯಾತ್ಮರು ಕೈಗೆ ಲಿಂಗ ಕೊಟ್ಟೇ ಮಣ್ ಮಾಡವ್ರೆ. ನಾಯಿ ನರಿ ಪಾಲಾಗ್ನಿಲ್ಲ ಬುಡು” ಎಂದು ಅಜ್ಜಿ ಅಲ್ಲೇ ನೆಲದ ಮೇಲೆ ಕುಳಿತು ಅತ್ತರು. ಮೇಷ್ಟ್ರು ಇಸವಿಯನ್ನೂ ನೋಡಿದರು, ನನ್ನನ್ನೂ ನೋಡಿದರು. ಪುಸ್ತಕ ಮುಚ್ಚಿದರು.

ಮುಂದಿನ ವಾರವೇ ಕ್ರಿಯೆ ನಡೆಯಿತು. ಅಜ್ಜಿ ತಾವೇ ಮುಂದೆ ನಿಂತು ಮಾಡಿಸಿದರು. ಅದಾದ ಮೇಲೆ ಅವರು ಹೊಟ್ಟೆ ತುಂಬ ಉಂಡದ್ದನ್ನು, ನಕ್ಕದ್ದನ್ನು ನಾನು ಕಂಡಿದ್ದೇನೆ. ಅಪ್ಪನಿಗೆ ಒಬ್ಬರಿಗೆ ಇಸವಿ ಹೇಳಿದ್ದೆ. “ಅವ್ವಂಗೆ ಏಳ್ಬೇಡ” ಎಂದರು.

ಅದು ತಾತನದೇ ಆದರೆ ಆ ಇಸವಿ ಹೇಗೆ ಬಂತು? ಅಲ್ಲವಾದರೆ ಬೀಗ ತೆಗೆಯುವ ಮೊದಲೇ ಅಜ್ಜಿಗೆ ಒಳಗಿನದು ಹೇಗೆ ತಿಳಿಯಿತು? ಎಷ್ಟೋ ಸಲ ತಲೆ ಕೆಡಿಸಿಕೊಂಡಿದ್ದೇನೆ, ಉತ್ತರ ಸಿಕ್ಕಿಲ್ಲ.

ಕೊನೆಗಾಲದಲ್ಲಿ ಒಂದು ಮಧ್ಯಾಹ್ನ ಅಜ್ಜಿ ನನ್ನ ಕೈ ಹಿಡಿದುಕೊಂಡು, “ನೀನು ಓದ್ ಕಲ್ತಿದ್ದು ಒಳ್ಳೇದಾಯ್ತು ಕಣಮ್ಮಿ” ಎಂದರು.

ನಾನು ಹೂಂ ಎಂದೆ.