ಮಂಗಳ ಹಾಡದೆ ಕೂತ ಅಮ್ಮ

ಎಂಟುನೂರು ರೂಪಾಯಿ. ಒಂದು ಜೊತೆ ಹಳೆಯ ಹಿತ್ತಾಳೆ ತಾಳಕ್ಕೆ ಶಿವಾಜಿನಗರದ ಗುಜರಿ ಅಂಗಡಿಯವನು ಹೇಳಿದ್ದು ಅಷ್ಟು, ನಾನು ಕೊಟ್ಟದ್ದೂ ಅಷ್ಟೇ. ಮುನ್ನೂರಕ್ಕೆ ಇಳಿಸಬಹುದಿತ್ತು. ಟೈಲ್ಸ್ ವ್ಯಾಪಾರಕ್ಕೆ ಇಳಿದ ಮೇಲೆ ಹೇಳಿದ ಬೆಲೆಗೆ ನಾನು ಏನನ್ನೂ ಕೊಂಡವನಲ್ಲ. ಆದರೆ ಪರೀಕ್ಷೆಗೆಂದು ಒಮ್ಮೆ ತಟ್ಟಿದೆ ನೋಡಿ, ಆ ನಾದಕ್ಕೆ ಭಜನೆ ಅಮ್ಮ ಎದುರಿಗೆ ಬಂದು ಕೂತಂತಾಯಿತು. ಚೌಕಾಸಿಗೆ ಬಾಯಿಯೇ ಬರಲಿಲ್ಲ.

ಇಂದಿರಾನಗರದ ಹತ್ತಿರ, ಇನ್ಶೂರೆನ್ಸ್ ನೌಕರರ ಕಾಲೋನಿಯಲ್ಲಿ ಅವರ ಮನೆ. ಶನಿವಾರದ ಭಜನಾ ಮಂಡಳಿಗೆ ಅವರೇ ಮುಂದಾಳು. ತೊಂಬತ್ತರ ದಶಕದ ಕೊನೆಯಲ್ಲಿ ಹೆಂಡತಿ, ಮಗಳನ್ನು ಕಟ್ಟಿಕೊಂಡು ರಾಯಚೂರು ಕಡೆಯಿಂದ ಬಂದ ನಾನು, ಅವರ ಅಡುಗೆಮನೆಗೆ ಕಲ್ಲು ಹಾಕಲು ಹೋಗಿದ್ದೆ. ಕೆಲಸ ಮಾಡುತ್ತ ತತ್ವಪದ ಗುನುಗುತ್ತಿದ್ದೆ.

"ಶನಿವಾರ ಬಾರಪ್ಪ, ನಮ್ಮ ಮಂಡಳೀಲಿ ನೆಟ್ಟಗೆ ತಾಳ ಹಾಕೋರೇ ಇಲ್ಲ" ಅಂದರು.

ಹೋದೆ. ಎಲ್ಲರ ಜೊತೆ ಅದೇ ಜಮಖಾನದ ಮೇಲೆ ಕೂರಿಸಿದರು. ಇಬ್ಬರು ಸ್ವಲ್ಪ ಸರಿದು ಕೂತರು... ಮರುವಾರ ಅಮ್ಮ ನನ್ನನ್ನು ಅವರಿಬ್ಬರ ನಡುವೆಯೇ ಕೂರಿಸಿದರು!

ಆ ಮಂಡಳಿ ಬರೀ ಹಾಡುತ್ತಿರಲಿಲ್ಲ. ನಮ್ಮ ಕಡೆಯ ಕೂಲಿ ಸಂಸಾರಗಳಿಗೆ ರೂಮು ಹುಡುಕಿಕೊಡುವುದು, ಭಾನುವಾರ ಮಕ್ಕಳಿಗೆ ಪಾಠ ಹೇಳುವುದು, ಇದೆಲ್ಲ ಅಮ್ಮನ ಲೆಕ್ಕದಲ್ಲಿ ಪೂಜೆಯೇ. ಬಾಣಸವಾಡಿಯಲ್ಲಿ ನನಗೆ ರೂಮು ಸಿಕ್ಕಿದ್ದೂ ಅವರ ಮಾತಿನ ಮೇಲೆ.

ಮಗಳನ್ನು ಒಂದನೇ ತರಗತಿಗೆ ಸೇರಿಸಲು ಹೋದಾಗ ಶಾಲೆಯವರು ವಿಳಾಸಕ್ಕೆ ಮನೆ ಮಾಲೀಕರ ಕಾಗದ ಕೇಳಿದರು. ಸೋಮವಾರ ಕಡೇ ದಿನ. ಮಾಲೀಕರು ಸುತರಾಂ ಒಪ್ಪಲಿಲ್ಲ.

"ನಿಮ್ಮ ಕಡೆಯೋರನ್ನ ನಂಬೋದು ಹೆಂಗ್ರೀ? ಇವತ್ತು ಇರ್ತೀರಿ, ನಾಳೆ ಗಂಟು ಕಟ್ತೀರಿ. ಕಾಗದ ಬೇರೆ ಕೊಟ್ರೆ ಮನೇನೇ ನಂದು ಅಂತೀರಿ."

ನಾನು ಓಡಿಹೋಗುತ್ತೇನೆಂಬ ಭಯವೋ, ಹೋಗುವುದೇ ಇಲ್ಲವೆಂಬ ಭಯವೋ, ತಿಳಿಯಲಿಲ್ಲ. ತಿಳಿದದ್ದು ಒಂದೇ: ಈ ಸಲ ತಪ್ಪಿದರೆ ಮಗಳು ಇನ್ನೊಂದು ವರ್ಷ ನಮ್ಮ ಜೊತೆ ಜಲ್ಲಿ ರಾಶಿಯ ಮೇಲೇ ಕೂರಬೇಕು.

ಅಮ್ಮನಿಗೆ ಹೇಳಿದೆ. "ಈ ಶನಿವಾರ ನಿಮ್ಮ ಮಾಲೀಕರ ಹೊಸ ಮಹಡೀಲೇ ಭಜನೆ ಕಣೋ. ಬಾ" ಅಂದರು, ಅಷ್ಟೇ.

ಮಹಡಿ ತುಂಬ ನೆಂಟರು. ಒಳಗಿನಿಂದ ಕೇಸರಿಬಾತಿನ ತುಪ್ಪದ ಘಮ. ಮಂಗಳ ಹಾಡಿ ಆರತಿ ಎತ್ತಿದರೆ ತಾನೇ ಪ್ರಸಾದ? ಅಮ್ಮ ಮಂಗಳವನ್ನೇ ಹಾಡಲಿಲ್ಲ. ಒಂದು ಮುಗಿದರೆ ಇನ್ನೊಂದು ಹಾಡು. ನಾನು ಅವರ ಮುಖ ನೋಡಿದರೆ, ತಾಳ ನಿಲ್ಲಿಸಬೇಡವೆಂದು ಕಣ್ಣಲ್ಲೇ ಗದರಿದರು. ಮಕ್ಕಳು ರಾಗ ತೆಗೆದವು. ಹಿಂದಿನಿಂದ ಯಾರೋ "ಗುರು, ದೇವರಿಗೂ ಹಸಿವಾಯ್ತು" ಅಂದರು. ಕೊನೆಗೆ ಮಾಲೀಕರೇ ಬಗ್ಗಿ ಬೇಡಿದರು.

"ಅಮ್ಮಾ, ಮಂಗಳ ಹಾಡ್ಬಿಡಿ."

"ಹಾಡ್ತೀನಿ ರೀ. ಇವನ ಮಗಳ ಕಾಗದ?"

"ನಾಳೆ ಕೊಡ್ತೀನಮ್ಮ."

"ಹಂಗಾದ್ರೆ ಮಂಗಳಾನೂ ನಾಳೆ ಹಾಡೋಣ."

ನೆಂಟರೆಲ್ಲ ನಕ್ಕುಬಿಟ್ಟರು. ಮಾಲೀಕರ ಹೆಂಡತಿಯೇ ಪೆನ್ನು ತಂದು ಕೈಗಿಟ್ಟರು. "ಬರ್ದು ಕೊಡ್ರೀ, ಕೇಸರಿಬಾತ್ ಕಲ್ಲಾಗ್ತಿದೆ!"

ಸೋಮವಾರ ಮಗಳು ಶಾಲೆ ಸೇರಿದಳು. ಆಮೇಲೆ ನಾನು ಎಷ್ಟೋ ಗಟ್ಟಿ ಚೌಕಾಸಿ ನೋಡಿದ್ದೇನೆ, ಮಾಡಿದ್ದೇನೆ. ದನಿ ಏರಿಸದೆ, ತನಗೆಂದು ಏನನ್ನೂ ಕೇಳದೆ ಗೆದ್ದ ಚೌಕಾಸಿ ಅದೊಂದೇ.

ಹತ್ತು ವರ್ಷದ ಮೇಲೆ ಹೊರಮಾವಿನಲ್ಲಿ ಮನೆ ಕಟ್ಟಿಸಿ, ಕೆಳಗೆ ನಾಲ್ಕು ರೂಮು ಬಾಡಿಗೆಗಿಟ್ಟೆ. ಗೃಹಪ್ರವೇಶಕ್ಕೆ ಮೊದಲ ಕರೆ ಅಮ್ಮನಿಗೇ ಅಂದುಕೊಂಡಿದ್ದೆ. ಬಣ್ಣ ಮುಗಿಯಲಿ, ಗೇಟು ಕೂರಲಿ, ಪತ್ರಿಕೆ ಅಚ್ಚಾಗಲಿ ಅಂತ ದಿನ ದೂಡಿದೆ. ಪತ್ರಿಕೆ ಹಿಡಿದು ಹೋದಾಗ ಬಾಗಿಲು ತೆಗೆದವರು ಬೇರೆ ಯಾರೋ. ಅಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು... ಈಗ ಆ ಮನೆಯೂ ಇಲ್ಲ, ಮಂಡಳಿಯೂ ಇಲ್ಲ.

ಮನೆ ಬಾಡಿಗೆಗೆ ಕೊಡುವವರಾದರೆ, ಕೀಲಿಯ ಜೊತೆಗೇ ವಿಳಾಸದ ಕಾಗದವನ್ನೂ ಕೊಡಿ. ನಾನು ಹಾಗೇ ಕೊಡುತ್ತೇನೆ, ನನ್ನ ಮನೆಯನ್ನು ಯಾರೂ ಹೊತ್ತುಕೊಂಡು ಹೋಗಿಲ್ಲ. ಬಾಡಿಗೆಗೆ ಹೋಗುವವರಾದರೆ ಅಡ್ವಾನ್ಸ್ ಕೈಬಿಡುವ ಮೊದಲೇ ಅದನ್ನು ಕೇಳಿ. ಆಮೇಲೆ ಕೇಳಿದರೆ ನಿಮ್ಮ ಮಾತಿಗೆ ತೂಕವಿರುವುದಿಲ್ಲ. ಮತ್ತೆ, ಅಂಥದ್ದೊಂದು ಕಾಗದ ನಿಮಗೆ ಕೊಡಿಸಿದವರು ಯಾರಾದರೂ ಇನ್ನೂ ಇದ್ದರೆ, ಈ ಭಾನುವಾರವೇ ಹೋಗಿ ಮಾತಾಡಿಸಿ ಬನ್ನಿ. ಪತ್ರಿಕೆ ಅಚ್ಚಾಗಲಿ ಅಂತ ಕಾಯಬೇಡಿ.