ಒಳಬಾಗಿಲಿಗೆ ಮುಟ್ಟುವ ದನಿ

ನನ್ನ ಬಿ.ಎ. ಪ್ರಮಾಣಪತ್ರವನ್ನು ಅರಕಲಗೂಡಿನಲ್ಲಿ ಯಾರೂ ಬಿಚ್ಚಿ ನೋಡಲಿಲ್ಲ. ಅದರ ಬದಲು ಕೂಗು ಎಂದರು.

ಯುದ್ಧದ ಕಾಲ. ಧಾರವಾಡದಿಂದ ಹೊರಟು, ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಹಾಸನ, ಹೊಳೆನರಸೀಪುರ ದಾಟಿ ಕೆಮ್ಮುತ್ತ ಬಂದು, ಹೊಗೆಸೊಪ್ಪಿನ ಸಾಹುಕಾರ ಶಿವನಂಜಪ್ಪನವರ ಹಜಾರದಲ್ಲಿ ಆಗಷ್ಟೇ ಟ್ರಂಕು ಇಳಿಸಿದ್ದೆ. ಅವರ ಮಗ ಮಾದೇವನಿಗೆ ಮನೆಪಾಠ ಹೇಳುವುದು ನನ್ನ ಕೆಲಸ. ಸಾಹುಕಾರರ ತಾಯಿ ನಂಜಮ್ಮ ಅಡುಗೆಮನೆಗೆ ಹೋಗಿ ಕೂತು, ಅಲ್ಲಿಂದಲೇ ಅಪ್ಪಣೆ ಕೊಟ್ಟರು: "ಏನಾರ ಒಂದ್ ಪಾಠ ಯೋಳಿ ಮೇಷ್ಟ್ರೇ." ಹೇಳಿದೆ. "ದನಿ ಒಳೀಕ್ ಬರ್ನಿಲ್ಲ. ಇನ್ನೂ ಜೋರಾಗ್ ಯೋಳಿ." ಗಂಟಲು ಹರಿಯುವಂತೆ ಕೂಗಿದಾಗ "ಊಂ, ಆಯ್ತದೆ" ಎಂದರು. ಕೆಲಸ ಸಿಕ್ಕಿತು. ಮಾದೇವ ನನ್ನ ಮುಂದೆಯೇ ಬಾಯಿ ಬಿಟ್ಟುಕೊಂಡು ಕೂತಿದ್ದ.

ಧಾರವಾಡದ ಗೆಳೆಯರೇ, ಮನೆಪಾಠದ ಮೇಷ್ಟ್ರಾಗಲು ಏನೇನು ಬೇಕು ಎಂದು ಕೇಳುತ್ತೀರಿ. ನನಗಂತೂ ತಲೆಬುಡ ತಿಳಿಯಲಿಲ್ಲ. ನಮ್ಮಲ್ಲಿ ಹುಡುಗ ಮನಸ್ಸಿನಲ್ಲೇ ಓದಿಕೊಳ್ಳುತ್ತಾನೆ, ತಿಳಿಯದ ಕಡೆ ಮಾಸ್ತರ ಬೆರಳಿಡುತ್ತಾರೆ. ಇಲ್ಲಿ ಹಾಗೆ ಮಾಡಿದ ಮೊದಲ ವಾರವೇ "ಮೇಷ್ಟ್ರು ಪಾಠ ಯೋಳ್ತಾವ್ರೋ, ನಿದ್ದೆ ಮಾಡ್ತಾವ್ರೋ?" ಎಂದು ಅಜ್ಜಿ ಒಳಗಿನಿಂದ ಗದರಿದರು. ಊಟದ್ದೂ ಅದೇ ಕಥೆ. ರೊಟ್ಟಿ ತಿಂದು ಬೆಳೆದ ಹಲ್ಲು ನನ್ನದು, ರಾಗಿಮುದ್ದೆಯನ್ನು ಅಗಿದೆ. "ನುಂಗ್ಬೇಕು ಕಣಪ್ಪ" ಎಂದು ಮನೆಮಂದಿಯೆಲ್ಲ ನಕ್ಕರು. ನುಂಗುವುದನ್ನು ಕಲಿತೆ, ಕೂಗುವುದನ್ನೂ ಕಲಿತೆ. ಬಿ.ಎ. ಮಾಡಿಯೂ ಮನೆಯಲ್ಲಿ ಕೂತವನು ಎಂಬ ಹೆಸರು ಊರಲ್ಲಿ ಸಾಕಷ್ಟು ಬಂದಿತ್ತು. ಈ ಕೆಲಸವೂ ಹೋದರೆ ಯಾವ ಮುಖ ಹೊತ್ತು ಮರಳಲಿ?

ಚಳಿಗಾಲದಲ್ಲಿ ಹೊಗೆಸೊಪ್ಪಿನ ಘಾಟಿಗೆ ಗಂಟಲು ಕಟ್ಟಿತು. ಪಿಸುದನಿಯಲ್ಲೇ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಒಳಬಾಗಿಲ ಹಿಂದಿನಿಂದ ಹೆಣ್ಣುದನಿ ಬಂತು: "ಮೇಷ್ಟ್ರೇ, ಆ ಲೆಕ್ಕ ಇನ್ನೊಂದ್ ಸಲಿ ಯೋಳಿ. ಇಲ್ಗೆ ಕೇಳುಸ್ನಿಲ್ಲ."

ಮಾದೇವನ ಅಕ್ಕ ಗೌರಿ. ಮೈನೆರೆದ ಮೇಲೆ ಅವಳ ಶಾಲೆ ಬಿಡಿಸಿದ್ದರು. ಅವಳ ಮುಖವನ್ನೂ ನಾನು ಸರಿಯಾಗಿ ಕಂಡಿರಲಿಲ್ಲ. ಸಾಹುಕಾರರು ಪಕ್ಕದಲ್ಲೇ ಸೊಪ್ಪು ಕಟ್ಟಿಸುತ್ತಿದ್ದರು. ನನ್ನ ಅನ್ನ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅವರು ತಲೆ ಎತ್ತದೆ, "ಯೋಳಿ ಮೇಷ್ಟ್ರೇ, ಕೇಳುಸ್ನಿಲ್ವಂತೆ" ಎಂದರು. ಅಜ್ಜಿ ಮೆಣಸಿನ ಕಷಾಯ ತಂದಿಟ್ಟರು.

"ಅವಳನ್ನೂ ಹೊರಗೇ ಕೂರಿಸಬಹುದಲ್ಲ?" ಎಂದು ಅಜ್ಜಿಯನ್ನು ಕೇಳಿದೆ.

"ಒರಗ್ ಕೂರ್ಸುದ್ರೆ ಬೀದಿಯೋರು ಆಡ್ಕತಾರೆ. ಒಳಗ್ ಕುಂತು ಕೇಳುಸ್ಕಂಡ್ರೆ ಯಾರ್ ಏನಂದಾರು? ನೀವು ಕೂಗಿ."

ಇದು ಧೈರ್ಯವೋ ಹೆದರಿಕೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ಬಾಗಿಲಿಗೆ ಪಾಠ ಹೇಳಿದ ಹಾಗೆ. ಅವಳ ಲೆಕ್ಕ ಸರಿಯಾಯಿತೋ ತಪ್ಪಿತೋ ನೋಡುವಂತೆಯೂ ಇಲ್ಲ. ಆದರೂ ಕಷಾಯ ಕುಡಿದು ಕೂಗಿದೆ. ಆ ದಿನ ಮೊದಲ ಸಲ ಖುಷಿಯಿಂದ ಕೂಗಿದೆ.

ಬೇಸಿಗೆಯಲ್ಲಿ ಊರಿಗೆ ಬಂದಿದ್ದೆನಲ್ಲ. ಮೈಸೂರು ಸಂಸ್ಥಾನದ ಅರಕಲಗೂಡಿನವರಿಗೆ ನಾನು ಧಾರವಾಡದ ಮೇಷ್ಟ್ರು. ನಮ್ಮ ಓಣಿಯವರು "ಮೈಸೂರಾಂವ ಬಂದ" ಎಂದರು. ಒಂದು ಸಂಜೆ ತಮ್ಮನಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದಾಗ ಅವ್ವ ನಕ್ಕಳು: "ಯಾಕೋ ಹಿಂಗ ಒದರ್ತಿ? ನಿನ್ನ ಮುಂದ ಕುಂತಾನಲ್ಲ."

ದನಿ ತಗ್ಗಿಸಿದೆ. ಕಣ್ಣು ಮಾತ್ರ ಒಳಬಾಗಿಲ ಕಡೆಗೇ ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ಇಷ್ಟು ಮೆತ್ತಗೆ ಹೇಳಿದರೆ ಗೌರಿಗೆ ಹೇಗೆ ಕೇಳಿಸೀತು?